ಮಡ್ಡಿಹಾಳದ ತಿರುವಿನ ಹದ್ದುಗಲ್ಲು

ಕಾಯ್ದ ಡಾಂಬರಿನ ವಾಸನೆ ಬಂದರೆ ಇನ್ಸ್‌ಪೆಕ್ಟರ್ ಸುನಂದಾ ಇಂದಿಗೂ ಏಳು ವರ್ಷದ ಹುಡುಗಿಯಾಗಿಬಿಡುತ್ತಾರೆ. ಸಾಲೋಟಗಿ ಹತ್ತಿರದ ಅವರ ಊರಿಗೆ ಮೊದಲ ರಸ್ತೆ ಬಂದ ದಿನ, ಬರಿಗಾಲಲ್ಲಿ ದಂಡೆಯ ಮೇಲೆ ನಿಂತಿದ್ದ ಅವರನ್ನು ಡಾಂಬರು ಹೊರುವ ಹೆಂಗಸೊಬ್ಬಳು ಕಂಕುಳಲ್ಲೆತ್ತಿಕೊಂಡು, ಹೊಗೆಯಾಡುವ ಪಟ್ಟಿಯನ್ನು ದಾಟಿಸಿ, ಶಾಲೆಯ ಕಡೆಗೆ ಇಳಿಸಿದ್ದಳು. ಅವಳ ಹೆಸರನ್ನು ಯಾರೂ ಕೇಳಿರಲಿಲ್ಲ.

2025ರ ಜುಲೈ 15, ಮಂಗಳವಾರ. ಠಾಣೆಯ ಮುಂದಿನ ಗುಂಡಿ ಮುಚ್ಚಲು ಡಾಂಬರು ಕಾಯಿಸುತ್ತಿದ್ದರು. ಆ ವಾಸನೆಯ ಹಿಂದೆಯೇ, ಬೆಳಿಗ್ಗೆ 9.40ಕ್ಕೆ, ಒಬ್ಬ ಹೆಂಗಸು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿದ ನೋಟಿಸು ಹಿಡಿದು ಒಳಗೆ ಬಂದಳು. ಹೆಸರು ಹುಲಿಗೆವ್ವ, ವಯಸ್ಸು ನಲವತ್ತಾರು, ಮುದ್ದೇಬಿಹಾಳ ತಾಲ್ಲೂಕಿನ ಮಡ್ಡಿಹಾಳ. ಗಂಡ ತೀರಿಕೊಂಡು ಹತ್ತು ವರ್ಷ. ಗೌಂಡಿಗಳ ಕೈಕೆಳಗೆ ಗಾರೆ ಹೊರುವ ಕೆಲಸ.

"ಏನಾಗೇತಿ, ಹೇಳವ್ವಾ."

"ರಸ್ತಾದ ಕಲ್ಲ ಸರದೈತ್ರಿ ಮೇಡಮ್ಮಾರ."

ಹೆಡ್ ಕಾನ್‌ಸ್ಟೇಬಲ್ ಮಹಮ್ಮದಹನೀಫ ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತಿದ. "ಕಲ್ಲಿಗೆ ಕಾಲ ಬಂದಾವೇನ್ಬೇ?"

"ಬಂದಿದ್ರ ಅದನ್ನ ಕರಕೊಂಡ ಬರ್ತಿದ್ದೆ ಸಾಹೇಬ್ರ. ನೀವ ಕೇಳ್ತಿದ್ರಿ."

ಹನೀಫ ನಕ್ಕು ಎದ್ದು ತನ್ನ ಕುರ್ಚಿಯನ್ನೇ ಅವಳ ಕಡೆ ಸರಿಸಿದ. ನೀರು ತರಿಸಿದ.

ವಿಷಯ ಇಷ್ಟು. ಗ್ರಾಮಸಭೆಯ ಪಟ್ಟಿಯಲ್ಲಿ ನಾಲ್ಕನೇ ವರ್ಷಕ್ಕೆ ಹುಲಿಗೆವ್ವನ ಹೆಸರು ಬಂದು ಅವಳಿಗೆ ವಸತಿ ಯೋಜನೆಯ ಮನೆ ಸಿಕ್ಕಿತ್ತು. ಊರ ತಿರುವಿನಲ್ಲಿದ್ದ ಅವಳ ಜಾಗದಲ್ಲಿ ಗೋಡೆ ಲಿಂಟಲ್ ಮಟ್ಟಕ್ಕೆ ಎದ್ದಿತ್ತು. ಅದೇ ತಿರುವಿನಲ್ಲಿ ಜಿಲ್ಲಾ ಪಂಚಾಯಿತಿಯ ರಸ್ತೆ ಅಗಲವಾಗಬೇಕಿತ್ತು. ಹೋದ ಡಿಸೆಂಬರಿನಲ್ಲೇ ರಸ್ತೆಯವರು ಹದ್ದುಗಲ್ಲು ನೆಟ್ಟಿದ್ದರು; ಆಗ ಅವಳ ಜಾಗ ಹದ್ದಿನಿಂದ ಹೊರಗಿತ್ತು. ಜುಲೈ 11ರಂದು ಅಳತೆಗೆ ಬಂದವರು ಕಲ್ಲಿನಿಂದ ಕಲ್ಲಿಗೆ ಹಗ್ಗ ಹಿಡಿದಾಗ ಹಗ್ಗ ಅವಳ ಮುಂಗೋಣೆಯ ನಡುವೆ ಹಾಯಿತು. ಜುಲೈ 21, ಸೋಮವಾರ ಗೋಡೆ ಕೆಡವುವುದಾಗಿ ನೋಟಿಸು. ರಸ್ತೆಯ ಹದ್ದಿನಲ್ಲಿ ಕಟ್ಟಿದ ಮನೆಯ ಮಂಜೂರಾತಿ ರದ್ದಾಗುತ್ತದೆ. ರದ್ದಾದ ಹೆಸರು ಮತ್ತೆ ಪಟ್ಟಿಗೆ ಏರುವುದಿಲ್ಲ.

"ಕಲ್ಲು ಸರಿದದ್ದು ನಿನಗ ಮೊದಲ ಗೊತ್ತಾಗಲಿಲ್ಲೇನು?"

"ಐದನೇ ತಾರೀಖಿಗೆ ನಾಲತವಾಡಕ್ಕ ತಂಗಿ ಮನಿಗೆ ಹೋಗಿದ್ನಿರಿ, ಮೊಹರಂಗ. ಹನ್ನೊಂದಕ್ಕ ಬಂದ್ರ ಅಂಗಳದಾಗ ಹಗ್ಗ ಹಿಡಕೊಂಡ ನಿಂತಿದ್ರು."

ಸುನಂದಾ ರಸ್ತೆಯ ಕಿರಿಯ ಎಂಜಿನಿಯರಿಗೆ ಫೋನು ಮಾಡಿದರು. ಆತ ಹೊಸಬ, ಕಲ್ಲು ಮೊದಲು ಎಲ್ಲಿತ್ತೆಂದು ಅರಿಯದವ; ಆದರೂ ಮರ್ಯಾದೆಯಿಂದಲೇ ಮಾತಾಡಿದ. "ಕಲ್ಲು ಇದ್ದಲ್ಲಿ ನಮ್ಮ ಹದ್ದು, ಮೇಡಂ. ಸರದೈತಿ ಅಂತ ನೀವು ಬರದು ಕೊಟ್ರ ನಿಲ್ಲಸ್ತೇನಿ. ಬಾಯಿಮಾತಿಗೆ ಜೆಸಿಬಿ ನಿಲ್ಲಂಗಿಲ್ಲ."

ಪಂಚಾಯಿತಿ ಕಚೇರಿಯಿಂದ ತಳಪಾಯದ ಹಂತದ ಫೋಟೊ ತರಿಸಿದರು. ಈ ಯೋಜನೆಯಲ್ಲಿ ಪ್ರತಿ ಹಂತಕ್ಕೂ ಫಲಾನುಭವಿಯನ್ನು ಮನೆಯ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆಯುವುದು ಕಡ್ಡಾಯ. ಇಸ್ತ್ರಿ ಮಾಡಿದ ಸೀರೆಯುಟ್ಟು ಹುಲಿಗೆವ್ವ ನೆಟ್ಟಗೆ ನಿಂತಿದ್ದಳು. ಅವಳ ಎಡಭುಜದಾಚೆ, ರಸ್ತೆಯ ಅಂಚಿಗೆ, ಬಿಳಿ ಬಳಿದ ಕಲ್ಲು ಕಾಣುತ್ತಿತ್ತು. ನೋಟಿಸಿನ ಅಳತೆಯ ಪ್ರಕಾರ ಈಗ ಕಲ್ಲು ಅಲ್ಲಿರಲಿಲ್ಲ.

11.15ಕ್ಕೆ ಎಫ್‌ಐಆರ್ ದಾಖಲಾಯಿತು. ಸಾರ್ವಜನಿಕ ಆಸ್ತಿಗೆ ಹಾನಿ, ಸರ್ಕಾರಿ ಹದ್ದುಗಲ್ಲು ಸ್ಥಳಾಂತರ. ಆರೋಪಿ: ಅಪರಿಚಿತ.

ಜುಲೈ 16, ಬೆಳಿಗ್ಗೆ 10.30. ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ. ಫೋಟೊದಲ್ಲಿ ಕಲ್ಲಿದ್ದ ಜಾಗದಲ್ಲಿ ಹುಲ್ಲಿನ ಹೆಂಟೆ ಮುಚ್ಚಿತ್ತು. ಎತ್ತಿದರೆ ಕೆಳಗೆ ಒಂದೂವರೆ ಅಡಿ ಸಡಿಲ ಮಣ್ಣು. ಅಲ್ಲಿಂದ ಈಗಿನ ಕಲ್ಲಿಗೆ ಎರಡು ಮೀಟರ್ ಅರವತ್ತು ಸೆಂಟಿಮೀಟರ್. ನಂತರ ರಸ್ತೆಯ ಆಳುಗಳು ಕಲ್ಲನ್ನು ಕಿತ್ತು ಮಲಗಿಸಿದರು.

"ಮೇಡಂ, ಇಲ್ಲಿ ನೋಡ್ರಿ," ಎಂದ ಹನೀಫ.

ಕುಣಿಯ ತಳದಲ್ಲಿ ಐದು ಜೋಳದ ಕಾಳು, ಒಂದು ಅರಿಶಿಣ ಕೊಂಬು. ಕಾಳು ಮೊಳೆತಿದ್ದವು. ಕಲ್ಲಿನ ಕೆಳಗೆ ಬೆಳಕು ಸಿಗದೆ ಮೊಳಕೆಗಳು ಬೆಳ್ಳಗೆ, ಬೆರಳುದ್ದ, ಬದಿಗೆ ದಾರಿ ಹುಡುಕಿಕೊಂಡು ಹೋಗಿದ್ದವು.

"ನೀವು ಕಲ್ಲು ನೆಡುವಾಗ ಹಿಂಗ ಹಾಕ್ತೀರೇನು?" ಸುನಂದಾ ಆಳುಗಳನ್ನು ಕೇಳಿದರು.

"ಎಲ್ಲೀದ್ರಿ ಮೇಡಂ. ದಿನಕ್ಕ ನಲವತ್ತ ಕಲ್ಲ ನೆಡಬೇಕು. ಪೂಜಿ ಮಾಡಕೋತ ಕುಂತ್ರ ಕಂತ್ರಾಟದಾರ ನಮ್ಮನ್ನ ನೆಟ್ಟಬಿಡ್ತಾನ."

ಹನೀಫ ಒಕ್ಕಲುತನದ ಮನೆಯವನು. ಮೊಳಕೆಯನ್ನು ಅಂಗೈಯಲ್ಲಿಟ್ಟು ನೋಡಿದ. "ಹತ್ತ ದಿನ ಆಗಿರಬೇಕ್ರಿ, ಒಂದಿನ ಹಿಂದಮುಂದ. ಅಂದ್ರ ಆರನೇ ತಾರೀಖು. ಮೊಹರಂ ಕೊನೀ ದಿನ. ಮಧ್ಯಾಹ್ನ ಅಲಾಯಿ ದೇವರ ಮೆರವಣಿಗಿ ಹೊಳಿಗೆ ಹೋಗುವಾಗ ಊರಾಗ ಒಂದ ನರಪಿಳ್ಳಿ ಇರಂಗಿಲ್ಲ."

ಕಾಳು, ಕೊಂಬು ಎರಡನ್ನೂ ಲಕೋಟೆಯಲ್ಲಿ ಹಾಕಿ ಅರಗಿನ ಮೊಹರು ಒತ್ತಿದರು.

ಆ ದಿನವೆಲ್ಲ ಓಣಿಯ ವಿಚಾರಣೆ. ಹುಲಿಗೆವ್ವನಿಗೆ ಯಾರ ಜೊತೆ ಜಗಳ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅವಳಿಗೇ ಯಾಕೆ ಮನೆ ಬಂತು ಎಂಬುದಕ್ಕೆ ಎಲ್ಲರ ಬಳಿಯೂ ಉತ್ತರವಿತ್ತು. ಒಬ್ಬಳು, "ಆಕಿ ಸಾಹೇಬ್ರ ಮುಂದ ಅಳಾಕ ಶಾಣ್ಯಾಕಿ," ಎಂದಳು. ಇನ್ನೊಬ್ಬಳು, "ರಸ್ತಾದ ಮ್ಯಾಗ ಕಿಟಕಿ ಇಡಸ್ಯಾಳ್ರಿ, ರಾಣಿಗತೆ ಕುಂದರಾಕ," ಎಂದಳು. ಪಂಚಾಯಿತಿ ಸದಸ್ಯ ಸಂಗಮೇಶನ ಅಂಗಡಿ ರಸ್ತೆಯ ಎದುರು ಬದಿಗಿತ್ತು. ರಸ್ತೆ ಹುಲಿಗೆವ್ವನ ಕಡೆ ವಾಲಿದರೆ ಅವನ ಕಟ್ಟೆ ಉಳಿಯುತ್ತಿತ್ತು.

"ಆರನೇ ತಾರೀಖು ಮಧ್ಯಾಹ್ನ ಎಲ್ಲಿದ್ರಿ?"

"ದೇವರ ಮುಂದ ಹೆಜ್ಜಿ ಹಾಕಾಕತ್ತಿದ್ನಿರಿ. ಇಡೀ ಊರ ವಿಡಿಯೊ ಮಾಡೈತಿ. ನೋಡ್ರಿ, ಪ್ಯಾಂಟ್ ಹರದದ್ದೂ ಕಾಣತೈತಿ."

ಕಂಡಿತು. ಹನೀಫ ಕೆಮ್ಮುತ್ತ ಮೊಬೈಲನ್ನು ಹಿಂದಿರುಗಿಸಿದ.

ಓಣಿಯಲ್ಲಿ ಹೊಟ್ಟೆಕಿಚ್ಚಿಲ್ಲದ ಮನೆ ಒಂದೂ ಇರಲಿಲ್ಲ. ಹಾಗಾಗಿ ಅದರಿಂದ ಸುಳಿವೂ ಸಿಗಲಿಲ್ಲ. ಸುನಂದಾ ಮತ್ತೆ ಲಕೋಟೆಯ ಕಡೆಗೇ ಬಂದರು. ಕಳ್ಳತನದಲ್ಲಿ ಕಲ್ಲು ನೆಡುವವನು ಅವಸರದಲ್ಲಿರುತ್ತಾನೆ. ಆ ಅವಸರದಲ್ಲೂ ಕಾಳು ಹಾಕಿದವನು ಯಾರು?

ಜುಲೈ 17ರಂದು ಅವರು ಪಕ್ಕದ ಊರಿನ ಮುದಿ ಗೌಂಡಿ ರೇವಪ್ಪನನ್ನು ಕಂಡರು. ಅವನು ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ.

"ಕಾಳು, ಕೊಂಬು ಯಾವ ಕಲ್ಲಿನ ಬುಡಕ ಹಾಕ್ತೀರಿ, ಅಜ್ಜಾರ?"

"ಬಾಗಿಲ ಚೌಕಟ್ಟ ನಿಲ್ಲಸೂಮುಂದ ಹಾಕ್ತೇವ್ರಿ. ಬ್ಯಾರೆ ಕಲ್ಲಿಗೆ ಯಾರ ಹಾಕ್ತಾರ?"

"ಯಾರೂ ಹಾಕಂಗಿಲ್ಲ?"

ರೇವಪ್ಪ ನಕ್ಕ. "ಒಬ್ಬ ಹುಚ್ಚ ಅದಾನ್ರಿ, ನನ್ನ ಕೈಯಾಗ ಕಲತಾವ. ಕೈಯಾಗ ಹಿಡದ ಕಲ್ಲ ಯಾವುದ ಇರಲಿ, ಕಾಳ ಹಾಕದ ಇಡಂಗಿಲ್ಲ. ಪಾಯಖಾನಿ ಕಲ್ಲಿಗೂ ಹಾಕ್ತಾನ! ಮಂದಿ ನಗತಾರ. ಆದ್ರ ಅವ ಕಟ್ಟಿದ ಗ್ವಾಡಿ ಒಂದೂ ಬಿರಕ ಬಿಟ್ಟಿಲ್ರಿ."

"ಹೆಸರು?"

"ಹಣಮಂತ್ರಾಯ. ಮಡ್ಡಿಹಾಳದಾವ. ಯಾಕ್ರಿ?"

ಸುನಂದಾ ದೂರಿನ ಪ್ರತಿ ತೆಗೆದು ನೋಡಿದರು. ಹುಲಿಗೆವ್ವನ ಮನೆ ಕಟ್ಟುತ್ತಿದ್ದ ಗೌಂಡಿಯ ಹೆಸರೂ ಹಣಮಂತ್ರಾಯ ಎಂದು ದೂರಿನಲ್ಲೇ ಇತ್ತು.

ಅಂದು ಮಧ್ಯಾಹ್ನ ಮಡ್ಡಿಹಾಳದ ಮಸೀದಿಯ ಹಿಂದಿನ ಮನೆಯಲ್ಲಿ ಜೋಹರಾಬಿ ಎಂಬ ಮುದುಕಿಯ ಹೇಳಿಕೆ ದಾಖಲಾಯಿತು. ಮೊಣಕಾಲು ನೋವಿನಿಂದ ಅವಳು ಮೊಹರಂ ಕೊನೆಯ ದಿನ ಹೊಳೆಗೆ ಹೋಗಿರಲಿಲ್ಲ. "ಮೂರರ ಸುಮಾರ ಹಣಮಂತ್ರಾಯ ಬಂದಿದ್ದ. ನೀರ ಕೊಡ ಬೂಬು ಅಂದ. ಕೈಯೆಲ್ಲಾ ಕರೀ ಮಣ್ಣ. ಹಬ್ಬದ ದಿನಾನೂ ದುಡಿತೀಯೇನೋ ಅಂತ ಬೈದು, ಕೈ ತೊಳಸಿ, ಎರಡ ಸಿಹಿ ಚೊಂಗೆರೊಟ್ಟಿ ಕೊಟ್ಟೆ. ಒಂದೂ ತಿನ್ನಲಿಲ್ಲ ನೋಡ. ಕೈಯಾಗ ಹಿಡಕೊಂಡ ಹ್ವಾದ."

ಸಂಜೆ 5.10ಕ್ಕೆ ಸುನಂದಾ ಹುಲಿಗೆವ್ವನ ಅರ್ಧ ಗೋಡೆಯ ಮನೆಗೆ ಹೋದರು. ಹೇಳುವುದನ್ನು ನಿಂತುಕೊಂಡು ಹೇಳಬಾರದೆಂದು ಇಟ್ಟಿಗೆಯ ಮೇಲೆ ಅವಳ ಪಕ್ಕದಲ್ಲಿ ಕುಳಿತರು.

"ಹಣಮಂತ್ರಾಯ ನಿನಗ ಏನಾಗಬೇಕು?"

"ಏನೂ ಆಗಬೇಕಿಲ್ರಿ. ಹದಿನೆಂಟ ವರ್ಷ ಅಣ್ಣನ ಕೈಕೆಳಗ ಗಾರಿ ಹೊತ್ತೇನಿ. ಮನಿ ಮಂಜೂರಾದ ದಿನ ಬ್ಯಾರೆ ಗೌಂಡಿ ಬ್ಯಾಡ, ನೀನ ಕಟ್ಟ ಅಂದೆ." ಇನ್ಸ್‌ಪೆಕ್ಟರ್ ಏಕೆ ಕುಳಿತರೆಂಬುದು ಅವಳಿಗೆ ನಿಧಾನಕ್ಕೆ ತಿಳಿಯಿತು. "ಅಣ್ಣ ಅಲ್ರಿ. ಮೇಡಮ್ಮಾರ, ಅಂವ ಅಲ್ಲ."

"ಕಲ್ಲಿನ ಬುಡಕ ಐದು ಜೋಳ, ಅರಿಶಿಣ ಕೊಂಬು ಸಿಕ್ಕಾವ."

ಹುಲಿಗೆವ್ವ ತನ್ನ ಬಾಗಿಲ ಚೌಕಟ್ಟನ್ನು ನೋಡಿದಳು. "ದೂರ ವಾಪಸ್ ತಗೋಬಹುದೇನ್ರಿ?" ಎಂದಳು.

"ತಗೊಂಡ್ರ ಕಲ್ಲು ಸರದಿದ್ದಕ್ಕ ಸಾಕ್ಷಿ ಉಳಿಯಂಗಿಲ್ಲ. ಸೋಮವಾರ ಜೆಸಿಬಿ ಬರತೈತಿ."

ಹುಲಿಗೆವ್ವ ದೂರನ್ನು ಹಾಗೇ ಇರಗೊಟ್ಟಳು.

ಜುಲೈ 18, ಶುಕ್ರವಾರ. ಹಣಮಂತ್ರಾಯ ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೆಲಸದ ಮೇಲಿದ್ದ. ಅದೂ ಯೋಜನೆಯದೇ ಮನೆ. ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಎಂದು ತಿರುಗಿ ಅವನು ಇಂಥ ಅರವತ್ತೊಂದು ಮನೆ ಕಟ್ಟಿದ್ದ. ಜೀಪು ನಿಂತಾಗ 11.50. ಅವನು ಗೋಡೆಯ ಮೇಲೆ ತೂಗುಗುಂಡು ಬಿಟ್ಟು ನೋಡುತ್ತಿದ್ದ. ಐವತ್ತೈದರ ಒಣಕಲು ಆಳು. ಸಮವಸ್ತ್ರ ಕಂಡರೂ ಓಡಲಿಲ್ಲ.

"ಕಲಸಿದ ಗಾರಿ ಐತ್ರಿ. ಬಿಟ್ರ ಕಲ್ಲಾಗತೈತಿ. ಬಡವರ ಸಿಮೆಂಟ."

"ಮುಗಿಸು," ಎಂದರು ಸುನಂದಾ.

ಹನೀಫ ನೆರಳಿಗೆ ನಿಂತ. ಹಣಮಂತ್ರಾಯ ಹನ್ನೊಂದು ಇಟ್ಟಿಗೆ ಇಟ್ಟು, ಸಂದು ತುಂಬಿ, ಕರಣಿ ತೊಳೆದು ಕೆಳಗಿಳಿದ. ಅವನ ಸಾಮಾನಿನ ಚೀಲವನ್ನು ಪಂಚರ ಎದುರು ಬಿಚ್ಚಿದಾಗ ಮಣ್ಣು ಮೆತ್ತಿದ ಹಾರೆ, ಒಂದು ಹಿಡಿ ಜೋಳದ ಗಂಟು, ನಾಲ್ಕು ಅರಿಶಿಣ ಕೊಂಬು ಸಿಕ್ಕವು. ಎಲ್ಲವನ್ನೂ ಜಪ್ತಿ ಮಾಡಿದರು. 12.40ಕ್ಕೆ ಬಂಧನ. ಬಂಧನದ ಸುದ್ದಿಯನ್ನು ಅವನ ಹೆಂಡತಿ ಯಶೋಧಾಳಿಗೆ ಹನೀಫನೇ ಫೋನಿನಲ್ಲಿ ತಿಳಿಸಿದ; ಬೇಕಾದ್ದಕ್ಕಿಂತ ಮೆತ್ತಗೆ ತಿಳಿಸಿದ.

"ನೀನ ಸರಿಸಿದೇನು?" ಜೀಪಿನಲ್ಲಿ ಸುನಂದಾ ಕೇಳಿದರು.

"ಹೌದ್ರಿ."

"ಯಾಕ?"

ಅವನು ಕಿಟಕಿಯಾಚೆ ನೋಡಿದ. "ಆಕಿ ಏನ್ ತಪ್ಪ ಮಾಡಿಲ್ರಿ. ರಸ್ತಾದ ಕಡಿ ಒಂದ ಕಿಟಕಿ ಇಡ ಅಣ್ಣಾ, ಸಂಜಿಮುಂದ ಕುಂದರತೇನಿ ಅಂದ್ಳು. ಅರವತ್ತ ಮನಿ ಕಟ್ಟಿದ್ರೂ ನನಗ ಯಾರ ಮ್ಯಾಗೂ ಹೊಟ್ಟಿಕಿಚ್ಚ ಬಂದಿರಲಿಲ್ಲ. ಯಾಕಂದ್ರ ಅವರೆಲ್ಲಾ ಯಾರೋ. ಈಕಿ ನನ್ನ ಹಿಂದ ಬುಟ್ಟಿ ಹೊತ್ತಾಕಿ. ಆ ಕಿಟಕಿ ಇಡೂಮುಂದ ನನ್ನ ಕೈ ಸುಟ್ಟಂಗಾತು. ಮನಿಗೆ ಹೋದ್ರ ನನ್ನ ಹೆಂಡತಿ ಕೇಳಿದ್ಳು: ಎಲ್ಲಾರಿಗೂ ಬಾಗಿಲ ಮಾಡ್ತೀರಿ, ನಮ್ಮ ಗೋಣಿಪರದೆಗೆ ಯಾವಾಗ ಚಿಲಕ? ಅಷ್ಟ."

"ಕಾಳು ಯಾಕ ಹಾಕಿದಿ? ಹಾಕಿರಲಿಲ್ಲಂದ್ರ ನಿನ್ನ ಹೆಸರ ಬರ್ತಿರಲಿಲ್ಲ."

"ಜಾಗಾ ಸುಳ್ಳಿತ್ತ್ರಿ," ಎಂದ ಹಣಮಂತ್ರಾಯ. "ಇಡೂದರಾಗ ಸುಳ್ಳ ಮಾಡಾಕ ಕೈ ಬರಲಿಲ್ಲ." ಸ್ವಲ್ಪ ದೂರ ಸಾಗಿದ ಮೇಲೆ ತಾನಾಗಿಯೇ ಸೇರಿಸಿದ: "ವಾಪಸ್ ಇಡಬೇಕಂತಿದ್ನಿರಿ. ಇವತ್ತ, ನಾಳಿ ಅಂದೆ. ಅಷ್ಟರಾಗ ಅಳತಿಯವರು ಬಂದ್ರು."

ಅಂದು ಸಂಜೆ ಸುನಂದಾ ತಾಲ್ಲೂಕಿನಿಂದ ಹಣಮಂತ್ರಾಯನ ವಸತಿ ಅರ್ಜಿಯನ್ನು ತರಿಸಿ ನೋಡಿದರು. ಮೂರು ಸಲ ತಿರಸ್ಕಾರ. ಕಾರಣ: ಅರ್ಜಿದಾರನಿಗೆ ಪಕ್ಕಾ ಮನೆ ಇದೆ. ಜೊತೆಗೆ ಒಂದು ಫೋಟೊ. ಸಮೀಕ್ಷೆಗೆ ಬಂದವನು ಊರೊಳಗಿನ ಅವನ ತಗಡಿನ ಜೋಪಡಿಗೆ ನಡೆದು ಹೋಗಲು ಬೇಸತ್ತು, ಕೆಲಸದ ಜಾಗದಲ್ಲೇ ಅವನನ್ನು ನಿಲ್ಲಿಸಿ ಫೋಟೊ ತೆಗೆದಿದ್ದ. ಹಣಮಂತ್ರಾಯ ಕರಣಿ ಹಿಡಿದು, ಬೇರೆ ಯಾರದೋ ಹೊಸ ಆರ್‌ಸಿಸಿ ಮನೆಯ ಮುಂದೆ, ನಗುತ್ತ ನಿಂತಿದ್ದ. ಸುನಂದಾ ಆ ಹಾಳೆಯ ಪ್ರತಿಯನ್ನು ಕೇಸಿನ ಕಡತಕ್ಕೆ ಸೇರಿಸಿದರು. ಇನ್ನೊಂದು ಪ್ರತಿಯ ಜೊತೆ ಜಿಲ್ಲಾ ಪಂಚಾಯಿತಿಗೆ ಎರಡು ಸಾಲಿನ ಪತ್ರ ಬರೆದರು. ಅದು ಅವರ ಕೆಲಸವಾಗಿರಲಿಲ್ಲ.

ಜುಲೈ 19, ಶನಿವಾರ ಬೆಳಿಗ್ಗೆ 9.30ಕ್ಕೆ ರಸ್ತೆಯವರು ಕಲ್ಲನ್ನು ಮೊದಲಿನ ಜಾಗದಲ್ಲಿ ನೆಟ್ಟು ಮಹಜರಿಗೆ ಸಹಿ ಹಾಕಿದರು. ನೋಟಿಸು ರದ್ದಾಯಿತು. ಆದೇಶದ ಪ್ರತಿ ಪಡೆಯಲು ಹುಲಿಗೆವ್ವ ಠಾಣೆಗೆ ಬಂದಾಗ ಹನ್ನೊಂದಾಗಿತ್ತು. ಹಣಮಂತ್ರಾಯನನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಜೀಪು ಅಣಿಯಾಗುತ್ತಿತ್ತು. ಮೆಟ್ಟಿಲ ಬದಿಯಲ್ಲಿ ಯಶೋಧಾ ಕುಳಿತಿದ್ದಳು. ಮೊದಲ ಬಸ್ಸಿಗೇ ಬಂದವಳು. ಹನೀಫ ಕೊಟ್ಟ ಚಹಾ ಪಕ್ಕದಲ್ಲಿ ಆರಿಹೋಗಿತ್ತು.

ಹುಲಿಗೆವ್ವ ಹೆಬ್ಬೆಟ್ಟು ಒತ್ತಿ, ಕಾಗದವನ್ನು ಚೀಲಕ್ಕೆ ಸೇರಿಸಿ ಹೊರಗೆ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಯಶೋಧಾ ಮುಖ ತಿರುಗಿಸಿದಳು. ಹುಲಿಗೆವ್ವ ಎರಡು ಮೆಟ್ಟಿಲು ಇಳಿದು, ನಿಂತು, ತಿರುಗಿ ಬಂದು ಅವಳ ಪಕ್ಕದಲ್ಲಿ ಕುಳಿತಳು. ದಾರಿಗೆಂದು ತಂದಿದ್ದ ಬುತ್ತಿಯ ಗಂಟನ್ನು ಬಿಚ್ಚಿದಳು. ಎರಡು ಚಪಾತಿ, ಬದನೆಕಾಯಿ ಪಲ್ಯ, ಒಂದು ಉಳ್ಳಾಗಡ್ಡಿ. ಅರಿವೆಯನ್ನು ಸರಿಯಾಗಿ ಹಾಸಿ, ಎಲ್ಲವನ್ನೂ ಯಶೋಧಾಳ ತೊಡೆಯ ಮೇಲಿಟ್ಟಳು.