ಪಂಕ್ತಿಯಲ್ಲಿ ಜಾಗವಿಲ್ಲ

ಪಿಸ್ತೂಲಿನ ಮೂತಿ ತಣ್ಣಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಸೆಪ್ಟೆಂಬರಿನ ಬಿಸಿಲಲ್ಲಿ ಜೀಪಿನೊಳಗೆ ಕಾದು ಬಂದ ಪಿಸ್ತೂಲು... ದೋಸೆ ಕಾವಲಿಯಂತೆ ಸುಡುತ್ತದೆ!

ನನ್ನ ಕತ್ತಿನ ಹಿಂದೆ ಇದ್ದದ್ದು ಅಂಥದೇ.

“ಯಲ್ಲಾ, ಬೇಗ! ವಿಳಾಸ ಬೇಕು. ಈಗಲೇ!” ಇರಾಕಿ ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಗದರಿದ.

“ಮೆಷಿನ್ ಹುಡುಕುತ್ತಿದೆ,” ಎಂದೆ.

ಕುವೈತಿನ ರಾಯ್ ಬಡಾವಣೆಯಲ್ಲಿ ನಮ್ಮದು ಕಾರ್ ಶೋರೂಮ್. ಆಗಸ್ಟಿನಲ್ಲಿ ದೇಶವನ್ನೇ ನುಂಗಿದ ಅವನ ಸೈನ್ಯ ಕಾರುಗಳನ್ನೆಲ್ಲ ಆಗಲೇ ಇರಾಕಿನ ಬಸ್ರಾಕ್ಕೆ ಓಡಿಸಿತ್ತು. ಉಳಿದದ್ದು ಒಂದು ಯೂನಿಕ್ಸ್ ಕಂಪ್ಯೂಟರ್. ಅದನ್ನು ನೋಡಿಕೊಳ್ಳುವ ನಾನು, ಕುಸುಮಾವತಿ. ಮತ್ತೆ ನನ್ನ ಬಾಸ್ ಮಧುಸೂದನ್. ಮೈಸೂರಿನ ಗೋಲ್ಡ್ ಮೆಡಲ್. ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಡಲೂ ಬಾರದ ಮೆಡಲ್!

ಯಾರೋ ಕಾರಿನಿಂದ ಸೈನ್ಯದ ವಿರುದ್ಧ ಕರಪತ್ರ ಎಸೆದಿದ್ದರು. ಕ್ಯಾಪ್ಟನ್ ಬಳಿ ಕಾರಿನ ನಂಬರಿತ್ತು. ನಾವೇ ಮಾರಿದ ಕಾರು. ಊರಿಗೆ ವಿಮಾನ ಸಿಗುವ ಅಮ್ಮಾನ್‌ಗೆ ಹೋಗಲು ಪಾಸ್ ಸಿಗುತ್ತದೆಂಬ ಆಸೆಗೆ ಮಧುಸೂದನ್ ತಾನಾಗಿಯೇ ಹಲ್ಲುಕಿರಿದು, ಮಾಲೀಕರನ್ನು ಹುಡುಕಿ ಕೊಡುತ್ತೇನೆ ಎಂದಿದ್ದ.

ನಂಬರ್ ನೋಡಿದ ಕೂಡಲೇ ನನಗೆ ಗೊತ್ತಾಯಿತು.

ಲೈಲಾ! ಅಕೌಂಟ್ಸ್‌ನಲ್ಲಿ ಕೂರುತ್ತಿದ್ದ ಕುವೈತಿ ಹುಡುಗಿ. ನನ್ನ ಜೊತೆ ಊಟ ಹಂಚಿಕೊಂಡವಳು.

ಚಹಾದ ನೆಪದಲ್ಲಿ ಹೊರಬಂದು ಡ್ರೈವರ್ ಅಲಿಕುಂಞಿಯನ್ನು ಹಿಡಿದೆ.

“ಲೈಲಾಳನ್ನು ಮನೆಯಿಂದ ನಮ್ಮ ಅರ್ದಿಯಾದ ಗೋಡೌನಿಗೆ ಸಾಗಿಸಿ ಮಾರಾಯ್ರೆ. ಮುಟ್ಟಿಸಿ ಬಂದು ಇಲ್ಲಿ ಹಾರ್ನ್ ಹೊಡೀರಿ.”

“ಚೆಕ್‌ಪೋಸ್ಟಿನಲ್ಲಿ ಹಿಡಿದ್ರೆ ಎಂಥ ಮಾಡುದು?”

“ನಿಮ್ಮ ಡ್ರೈವಿಂಗ್ ನೋಡಿದ್ರೆ ಅವರೇ ದಾರಿ ಬಿಡ್ತಾರೆ!”

ಹೋದ. ನಾನು ಒಳಬಂದು ಕೂತೆ. ಕತ್ತಿಗೆ ಪಿಸ್ತೂಲು ಬಂತು.

ಹಾರ್ನ್ ಕೇಳುವವರೆಗೆ ಹುಡುಕಾಟವನ್ನು ತಡೆಯಬೇಕು. ಪೂರ್ತಿ ನಿಲ್ಲಿಸಿದರೆ ಸ್ಕ್ರೀನಿಗೆ ತಿಳಿಯುತ್ತದೆ. ಪಿಸ್ತೂಲಿಗೂ!

ಕೇಳು. ಸಿಪಿಯು ಒಂದೇ, ಕೆಲಸಗಳು ಹತ್ತಾರು. ಯಾರಿಗೆ ಯಾವಾಗ ಎಲೆ ಹಾಕಬೇಕೆಂದು ಹೇಳುವ ಯಜಮಾನ ಕರ್ನಲ್... ಸೈನ್ಯದವನಲ್ಲ, ಯೂನಿಕ್ಸಿನ ತಿರುಳು. ಯೂನಿಕ್ಸಿನಲ್ಲಿ ‘ನೈಸ್’ ಎಂಬ ಆಜ್ಞೆಯಿದೆ. ಒಂದು ಕೆಲಸವನ್ನು ನೈಸ್ ಮಾಡಿದೆಯೋ... ಮದುವೆಮನೆಯಲ್ಲಿ “ಮೊದಲು ನೀವು, ಮೊದಲು ನೀವು” ಎನ್ನುತ್ತ ಪಂಕ್ತಿಯ ಪಕ್ಕದಲ್ಲೇ ನಿಂತ ನೆಂಟನ ಗತಿ ಅದಕ್ಕೆ. ಪಾಯಸ ಹಾಗಿರಲಿ, ಸಾರೂ ಸಿಗದು!

ಮಧುಸೂದನ್ ಬಾಗಿ ಕ್ಯಾಪ್ಟನ್‌ಗೆ ಸಿಗರೇಟು ಹಚ್ಚಿಕೊಡುತ್ತಿದ್ದ. ಅಷ್ಟು ಹೊತ್ತು ಸಾಕಾಯಿತು. ಹುಡುಕಾಟವನ್ನು ಪರಮ ನೈಸ್ ಮಾಡಿದೆ. ಸುಮ್ಮನೆ ಸುತ್ತುವ ದಂಡಪಿಂಡ ಪ್ರೋಗ್ರಾಮುಗಳನ್ನು ಪಂಕ್ತಿ ತುಂಬ ಕೂರಿಸಿದೆ.

“ಯಾಕ್ರೀ ಇಷ್ಟು ಸ್ಲೋ?” ಮಧುಸೂದನ್ ಕನ್ನಡದಲ್ಲಿ ಪಿಸುಗುಟ್ಟಿದ.

“ನೀವೇ ಸ್ಟೇಟಸ್ ನೋಡಿ ಸರ್.”

ನೋಡಿದ. ಹುಡುಕಾಟದ ಸಾಲಿನಲ್ಲಿ ‘ಆರ್’ ಎಂಬ ಅಕ್ಷರ.

“ರನ್ನಿಂಗ್!” ಕ್ಯಾಪ್ಟನ್ ಕಡೆ ತಿರುಗಿ ಹಲ್ಲುಬಿಟ್ಟ. “ಓಡ್ತಾ ಇದೆ ಸರ್. ನನ್ನ ಗ್ಯಾರಂಟಿ!”

ಗೋಲ್ಡ್ ಮೆಡಲ್ಲಂತೆ! ‘ಆರ್’ ಎಂದರೆ ಓಡಲು ತಯಾರು, ಅಷ್ಟೆ. ಎಲೆಗಾಗಿ ಕಾದು ನಿಂತವನಿಗೂ ಅದೇ ಅಕ್ಷರ.

ಆದರೆ ಕರ್ನಲ್‌ಗೆ ಒಂದು ಕೆಟ್ಟ ಚಾಳಿಯಿದೆ... ಕನಿಕರ! ತುಂಬ ಕಾದವನಿಗೆ ಆಗಾಗ ಒಂದು ತುತ್ತು ಹಾಕಿಬಿಡುತ್ತದೆ. ಆ ತುತ್ತಿನಲ್ಲೇ ಲೈಲಾ ಸಿಕ್ಕಿಬಿದ್ದರೆ?

ಪಿಸ್ತೂಲು ಕತ್ತಿನಿಂದ ಕಿವಿಗೆ ಸರಿಯಿತು.

“ಖಲಾಸ್. ನನ್ನ ತಾಳ್ಮೆ ಮುಗಿಯಿತು.”

ಕ್ಲಿಕ್! ಪಿಸ್ತೂಲಿನ ಸೇಫ್ಟಿ ಸರಿಯಿತು.

ಹೊರಗೆ ಹಾರ್ನ್... ಕೋಣ ಕೂಗಿದ ಹಾಗೆ, ಉದ್ದಕ್ಕೆ. ಅಲಿಕುಂಞಿಯದೇ!

ದಂಡಪಿಂಡಗಳನ್ನು ಪಂಕ್ತಿಯಿಂದ ಎಬ್ಬಿಸಿ ಅಟ್ಟಿದೆ. ಹುಡುಕಾಟ ಹಸಿದ ನೆಂಟನಂತೆ ಎಲೆಯ ಮೇಲೆ ಬಿತ್ತು. ಸ್ಕ್ರೀನಿನಲ್ಲಿ ಹೆಸರು. ವಿಳಾಸ. ಎಲ್ಲ ಸರಿಯಾಗಿಯೇ!

“ನಿಮ್ಮಲ್ಲೊಬ್ಬರು ಜೀಪು ಹತ್ತಿ,” ಕ್ಯಾಪ್ಟನ್ ಹೇಳಿದ. “ಮನೆ ಖಾಲಿಯಿದ್ದರೆ ಆ ಒಬ್ಬರು ವಾಪಸು ಬರುವುದಿಲ್ಲ.”

ಮಧುಸೂದನ್ ಮುಖ ಸುಣ್ಣವಾಯಿತು.

“ಕುಸುಮಾ, ನೀವೇ ಹೋಗ್ಬನ್ರೀ... ಲೇಡೀಸ್‌ಗೆ ಅವರು ಏನೂ ಮಾಡಲ್ಲ.”

“ಗ್ಯಾರಂಟಿ ಕೊಟ್ಟದ್ದು ನೀವಲ್ವಾ ಸರ್?”

ಕ್ಯಾಪ್ಟನ್‌ಗೆ ಕನ್ನಡ ಬಾರದು. ಆದರೆ ‘ಗ್ಯಾರಂಟಿ’ ಅರ್ಥವಾಯಿತು. ಗೋಲ್ಡ್ ಮೆಡಲಿನ ಕಾಲರ್ ಹಿಡಿದ.

ನಾನು ಬಾಗಿಲು ತೆರೆದು, ಪಕ್ಕಕ್ಕೆ ಸರಿದು ನಿಂತೆ.

“ಮೊದಲು ನೀವು, ಸರ್.”

ಬದುಕಿನಲ್ಲಿ ನಾನು ನೈಸ್ ಆಗಿದ್ದು ಅದೊಂದೇ ಸಲ!