ಸಾವಕಾರರ ಗೋಡೆಯ ಮೇಣಬತ್ತಿ

ಬಂದೂಕಿನ ಬಾಯಿ ನನ್ನ ಹೊಟ್ಟೆಗೆ ತಾಗಿತ್ತು. ಉಂಡ ರೊಟ್ಟಿ ಇನ್ನೂ ಅಲ್ಲೇ ಇತ್ತು... ಪಾಪ, ಅದಕ್ಕೇನು ಗೊತ್ತು!

“ಬುರಾನ್ಯಾ, ಬಂದ ದಾರಿ ಹಿಡಿ. ಇಲ್ಲಂದ್ರ ಇಬ್ಬರನ್ನೂ ಒಂದೇ ತೆಗ್ಗಿನ್ಯಾಗ ಹಾಕ್ತೇನಿ.”

ಹಾಗೆಂದವರು ಬೀರಲಿಂಗಪ್ಪ ಸಾವಕಾರ, ಆಳಂದದ ತೊಗರಿ ವ್ಯಾಪಾರಿ. ಇನ್ನೊಬ್ಬ ಚಂದ್ರಾಮಪ್ಪ. ಸಾವಕಾರರ ಗೋದಾಮಿನಲ್ಲಿ ಚೀಲಗಳ ನಡುವೆ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದ.

ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಎತ್ತೋ ಗಂಡನೋ, ರೇಟು ಒಂದೇ. ಮೂರು ದಿನದ ಹಿಂದೆ ಚಂದ್ರಾಮಪ್ಪನ ಹೆಂಡತಿ ಸಾಬವ್ವ ಸರಸಂಬಾದಿಂದ ಬಂದು, “ಜೀವಂತ ತರ್ರಿ ಅಣ್ಣಾ” ಅಂದಿದ್ದಳು. ಜೇವರ್ಗಿ, ಅಫಜಲಪುರ ಎಲ್ಲ ಜಾಲಾಡಿದೆ. ಆಸಾಮಿ ಇಲ್ಲೇ ಇದ್ದ, ತಾನು ಬರೆದ ಗೋಡೆಯ ಬುಡದಲ್ಲೇ.

ಹೌದು, ಗೋಡೆ ಬರೆದದ್ದೇ ಅವನ ತಪ್ಪು.

ಲಡಾಯಿಗೆ ಹೋದ ಚಂದ್ರಾಮಪ್ಪ ಜಪಾನಿಯರ ಕೈಗೆ ಸಿಕ್ಕು ಸಿಂಗಾಪುರದಲ್ಲಿ ಸೆರೆಯಲ್ಲಿದ್ದ. ಅಲ್ಲಿನ ಕಾವಲುಗಾರನೊಬ್ಬ ಅಕ್ಕಿ ವ್ಯಾಪಾರಿಯ ಮಗ. ದರವನ್ನು ಮೇಣಬತ್ತಿಯಾಗಿ ಬರೆಯುವುದು ಅವನು ಕಲಿಸಿದ ವಿದ್ಯೆ. ದಿನಕ್ಕೊಂದು ಬತ್ತಿ. ದರ ಏರಿದರೆ ಬಿಳಿ, ಇಳಿದರೆ ಕಪ್ಪು. ಮೂರು ಬಿಳಿ ಬತ್ತಿ ಮೆಟ್ಟಿಲಿನಂತೆ ಏರಿದರೆ ಕಣ್ಣು ಮುಚ್ಚಿ ಖರೀದಿಸು. ಊರಿಗೆ ಬಂದವನು ಸುಣ್ಣ, ಇದ್ದಿಲು ಹಿಡಿದು ಸಾವಕಾರರ ಗೋದಾಮಿನ ಗೋಡೆಯ ಮೇಲೆ ತೊಗರಿಯ ದರ ಬರೆಯತೊಡಗಿದ.

ನಲವತ್ತೆಂಟರ ಬೇಸಿಗೆಯಲ್ಲಿ ಮೂರು ಬಿಳಿ ಬಂದವು. ಸಾವಕಾರ ಐನೂರು ಚೀಲ ಖರೀದಿಸಿದರು. ಮಾರಲು ಹೋದರೆ ದರ ಪಾತಾಳದಲ್ಲಿತ್ತು. ಸಿಟ್ಟೆಲ್ಲ ಗೋಡೆ ಬರೆದವನ ಮೇಲೆ ತಿರುಗಿತು.

ನಾನು ಗೋಡೆ ನೋಡಿದೆ.

“ಸಾವಕಾರ್ರ, ಇವಗ ದಿನಾ ದರ ಯಾರು ಹೇಳ್ತಿದ್ರು?”

“ನಾನೇ. ಮತ್ಯಾರು?”

“ಖರೇ ದರ ಹೇಳ್ತಿದ್ರೇನು?”

ಸಾವಕಾರ ಬಂದೂಕು ಇನ್ನಷ್ಟು ಒತ್ತಿದರು.

ನಮ್ಮ ಬಜಾರದ ರೀತಿ ನಿಮಗೆ ಗೊತ್ತಲ್ಲ... ಹೆಗಲ ಮೇಲಿನ ವಲ್ಲಿ ಹಾಸಿ, ಅದರ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾರೆ. ಹಿಡಿದ ಇಬ್ಬರನ್ನು ಬಿಟ್ಟು ಮೂರನೆಯವನಿಗೆ ತಿಳಿಯದು. ಹೊರಗೆ ಹೇಳುವ ದರವೇ ಬೇರೆ. ರೈತರು ಆಸೆಬಿದ್ದು ಮಾಲು ತರಲಿ ಎಂದು ಸಾವಕಾರ ದಿನಾ ಒಂದೊಂದು ರೂಪಾಯಿ ಏರಿಸಿ ಹೇಳಿದ್ದರು. ಆ ಸುಳ್ಳೇ ಗೋಡೆ ಹತ್ತಿತ್ತು. ಅದನ್ನು ನೋಡಿ ತಾವೇ ಕೊಂಡಿದ್ದರು!

“ಸುಳ್ಳು ಹೇಳಿದವ್ರೂ ನೀವೇ, ನಂಬಿದವ್ರೂ ನೀವೇ,” ಅಂದೆ. “ಹೊಡೀರಿ ಗುಂಡು. ಸಪ್ಪಳ ಕೇಳಿ ಬಜಾರೆಲ್ಲ ಓಡಿ ಬರ್ತದ, ಗ್ವಾಡಿ, ಚೀಲ ಎರಡೂ ನೋಡ್ತದ. ಐನೂರು ಚೀಲ ಸಿಕ್ಕೊಂಡಾವಂತ ತಿಳಿದ್ರ ನಾಳಿ ಯಾವನ್ರಿ ಕೊಳ್ತಾನ?”

ಸಾವಕಾರ ಬಂದೂಕು ಕೆಳಗಿಳಿಸಿದರು.

“ನಿನ್ನ ಬಾಯಿ ಮುಚ್ಚಾಕ ಎಷ್ಟು?”

ವಲ್ಲಿ ಹಾಸಿದೆ. ಅವರು ಕೈ ತೂರಿಸಿದರು. ಮೂರು ಬೆರಳು. ಮುನ್ನೂರು. ಕೈ ಕೊಡವಿದೆ. ಐದು ಬೆರಳು... ಐನೂರು! ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಜೀವ ಜೊಲ್ಲು ಸುರಿಸಿತು. ಆಮೇಲೆ ಚಂದ್ರಾಮಪ್ಪನ ಕಟ್ಟಿದ ಕೈ ಎಳೆದು, ವಲ್ಲಿಯೊಳಗೆ ಅವರ ಅಂಗೈಯಲ್ಲಿಟ್ಟೆ.

“ನನ್ನ ದರ ಇದು.”

“ಒಯ್ಯಿ,” ಅಂದರು.

ಹೊರಗೆ ಬಂಡಿಯಲ್ಲಿ ಕಾದಿದ್ದ ಸಾಬವ್ವ ಗಂಡನ ಮುಖ ಸವರಿ ಸವರಿ ಅತ್ತಳು. ದಾರಿಯುದ್ದಕ್ಕೂ ಅವನು ಗೋಡೆ, ವಲ್ಲಿ, ನಡೆದದ್ದನ್ನೆಲ್ಲ ಆಕೆಗೆ ಹೇಳಿದ. ಸರಸಂಬಾ ಬಂದಾಗ ಆಕೆ ಕೇಳಿದಳು.

“ಅಣ್ಣಾ, ಇವರನ್ನ ಬಿಡಿಸಾಕ ಎಷ್ಟು ಕೊಟ್ರಿ?”

“ಇನ್ನೂರು, ತಂಗಿ.”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇದು ವಲ್ಲಿ ದರ ಏನಣ್ಣಾ, ಗ್ವಾಡಿ ದರ?”