ವರಸೆಯಲ್ಲಿ ಅಣ್ಣ

"ಮೇಯರ್, ಚಹಾ ಆರಿಹೋಗ್ತಿದೆ ಅಂತ ಹೇಳಬೇಕಾದವರಿಗೆ ಹೇಳು," ಎಂದಳು ಡೆಲ್ಫೀನ್.

ಮೇಯರ್ ಕಣ್ಣು ತೆರೆಯಲಿಲ್ಲ. ಅದು ಬಾಗಿಲಿಗೆ ಅಡ್ಡ ಮಲಗಿದ್ದ ಕೆಂಚು ನಾಯಿ. ದಿನಕ್ಕೆ ನಲವತ್ತು ಸಲ ಇಂಥ ಮಾತು ಕೇಳಿ ಕೇಳಿ ಅದಕ್ಕೆ ಸಾಕಾಗಿತ್ತು.

"ಎರಡೇ ನಿಮಿಷ ಅಂತ ಹೇಳು ಮೇಯರ್," ಒಳಗಿನ ಕೋಣೆಯಿಂದ ಸೆಲ್ವಿನ್ ದನಿ ಬಂತು. "ಆಮೇಲೆ, ಇವತ್ತು ನಿನ್ನ ಕಿವಿಯೋಲೆ ಚೆನ್ನಾಗಿದೆ."

ನಾಯಿಗೆ ಕಿವಿಯೋಲೆ ಇರಲಿಲ್ಲ. ಡೆಲ್ಫೀನ್ ಬಟ್ಟೆ ತೆಗೆದುಕೊಂಡು, ಆಗಲೇ ಹೊಳೆಯುತ್ತಿದ್ದ ಕೆಟಲ್ಲನ್ನು ಮತ್ತೆ ಒರೆಸತೊಡಗಿದಳು. ಅದರ ಉಬ್ಬಿದ ಸ್ಟೀಲ್ ಹೊಟ್ಟೆಯಲ್ಲಿ ಒಳಕೋಣೆಯ ಗಾಜು ಕಾಣುತ್ತಿತ್ತು, ಗಾಜಿನಾಚೆ ಹೆಡ್‌ಫೋನ್ ಹಾಕಿದ ಒಂದು ತಲೆ. ಆ ತಲೆಯೂ ಕೆಟಲ್ಲಿನತ್ತಲೇ ನೋಡುತ್ತಿತ್ತು.

ವರಸೆಯಲ್ಲಿ ಸೆಲ್ವಿನ್ ಅವಳಿಗೆ ಅಣ್ಣನಾಗಬೇಕು. ನದಿ ದಂಡೆಯ ಈ ವಿರಾಂಡಿ ಊರಿನಲ್ಲಿ ಬೆಳೆದು ನಿಂತ ಅಣ್ಣತಂಗಿಯರು ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ, ಒಂದೇ ಚಾಪೆಯ ಮೇಲೆ ಕೂರುವುದಿಲ್ಲ. ಅದು ಕೋಪವಲ್ಲ, ಮರ್ಯಾದೆ. ಆದರೆ ಊರಿನ ಭಾಷಾ ಕೇಂದ್ರದಲ್ಲಿ ಇದ್ದದ್ದು ಎರಡೇ ಕೋಣೆ, ಇಬ್ಬರೇ ಕೆಲಸದವರು. ಒಬ್ಬರು ಮುದುಕಿಯರ ಮಾತು ಬರೆದುಕೊಳ್ಳಬೇಕು, ಇನ್ನೊಬ್ಬರು ಅದನ್ನು ರೆಕಾರ್ಡ್ ಮಾಡಬೇಕು. ಮಾತಿಲ್ಲದೆ ಕೆಲಸ ಸಾಗದು. ಹಾಗಾಗಿ ನಾಯಿ.

ಕೇಂದ್ರ ಇದ್ದದ್ದು ಹಳೆಯ ಪೊಲೀಸ್ ಠಾಣೆಯಲ್ಲಿ. ಲಾಕಪ್ಪಿನ ಗೋಡೆ ದಪ್ಪ, ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಅದಕ್ಕೇ ರೆಕಾರ್ಡಿಂಗ್ ಕೋಣೆ ಮಾಡಿದ್ದರು. ಅಲ್ಲೇ ಮೂಲೆಯಲ್ಲಿ ಒಂದು ತಗಡಿನ ಬೀರು. ಬೀರುವಿಗೆ ಕೆಂಪು ಬಟ್ಟೆ ಸುತ್ತಿ ಗಂಟು ಹಾಕಿತ್ತು. ಒಳಗೆ ಡೆಲ್ಫೀನಳ ಅಜ್ಜಿಯ ದನಿ ಇತ್ತು, ಮೂವತ್ತೊಂದು ಕ್ಯಾಸೆಟ್.

ಅಜ್ಜಿ ಹೋಗಿ ಹನ್ನೊಂದು ತಿಂಗಳಾಗಿತ್ತು. ಹೋದವರ ಹೆಸರು ಹೇಳುವುದಿಲ್ಲ, ಅವರ ದನಿ ಕೇಳಿಸುವುದಿಲ್ಲ, ಮನೆಯವರ ಎದೆ ಇನ್ನು ತಡೆಯುತ್ತದೆ ಅನ್ನುವ ತನಕ. ಮನೆಯವರು ಅಂದರೆ ಇಲ್ಲಿ ಬೆರಿಲ್, ಅಜ್ಜಿಯ ಮಕ್ಕಳಲ್ಲಿ ಉಳಿದ ಒಬ್ಬಳೇ ಮಗಳು, ಡೆಲ್ಫೀನಳ ತಾಯಿ. ಬೆರಿಲ್ ಇನ್ನೂ ಏನೂ ಹೇಳಿರಲಿಲ್ಲ.

ಸೆಲ್ವಿನ್‌ನನ್ನು ಅಣ್ಣ ಮಾಡಿದವಳೂ ಬೆರಿಲ್ಲೇ.

ಹದಿನಾಲ್ಕು ತಿಂಗಳ ಹಿಂದೆ ಅವನು ಪರ್ತ್‌ನಿಂದ ಬಸ್ಸಿನಲ್ಲಿ ಬಂದಿಳಿದಾಗ ಕೈಯಲ್ಲಿ ಒಂದು ಕಾಗದ ಇತ್ತು. ಅವನ ತಾಯಿಯ ತಾಯಿಯನ್ನು ಸರ್ಕಾರದ ಲಾರಿ ಎತ್ತಿಕೊಂಡು ಹೋದಾಗಿನ ಕಾಗದ. ಆಗೆಲ್ಲ ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರ ಹೆತ್ತವರಿಂದ ಕಿತ್ತು ದೂರ ಒಯ್ದು ಬೆಳೆಸುತ್ತಿತ್ತು. ಹೆಣ್ಣು, ಐದು ವರ್ಷ, ವಿರಾಂಡಿ ನದಿ. ಅಷ್ಟೇ. ಆ ವರ್ಷ ಲಾರಿ ಹತ್ತಿದ್ದು ಒಂದೇ ಹೆಣ್ಣುಮಗು. ಅದು ಯಾರ ಮಗಳು ಎಂದು ಬಲ್ಲವರು ಬಾಯಿ ಬಿಡದೆಯೇ ಒಬ್ಬೊಬ್ಬರಾಗಿ ಹೋಗಿದ್ದರು. ಉಳಿದವಳು ಅಜ್ಜಿ ಒಬ್ಬಳು. ಅಷ್ಟರಲ್ಲಿ ಅವಳಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಸೆಲ್ವಿನ್ ಮಂಚದ ಪಕ್ಕ ಕೂತಾಗ ಅಜ್ಜಿ ಅವನ ಕೈ ಹಿಡಿದಳು. ಸಂಜೆಯವರೆಗೆ ಬಿಡಲಿಲ್ಲ. ಬೆರಿಲ್ ನೋಡಿ ಕಣ್ಣೊರೆಸಿಕೊಂಡು, "ಇನ್ನೇನು ಬೇಕು? ಅವ್ವನ ಚಿಕ್ಕಮ್ಮನ ಕಡೆಯವನೇ ಇವನು. ನಂಗೆ ಮಗ," ಎಂದಳು.

ಊರಿನಲ್ಲಿ ವರಸೆ ಇಲ್ಲದವನಿಗೆ ಎಲ್ಲಿ ಕೂರಬೇಕು, ಯಾರನ್ನು ಏನೆನ್ನಬೇಕು ಎಂಬುದೇ ತಿಳಿಯದು. ಬೆರಿಲ್ ಅವನಿಗೆ ಒಂದೇ ಮಾತಿನಲ್ಲಿ ಇಡೀ ಊರು ಕೊಟ್ಟಳು. ತನ್ನ ಮಗಳನ್ನು ತಂಗಿಯಾಗಿ ಕೊಟ್ಟಳು.

ಬೆರಿಲ್ ಹಾಗೆನ್ನುವ ಮೊದಲು, ಬಾಗಿಲ ಬಳಿ, ಡೆಲ್ಫೀನ್ ಒಂದು ಕ್ಷಣ ಅವನನ್ನು ನೋಡಿದ್ದಳು. ಅಪರಿಚಿತನನ್ನು ನೋಡುವ ಹಾಗೆ, ನೇರವಾಗಿ. ಆ ಒಂದು ಕ್ಷಣ ಅವಳಿಗೆ ಈಗಲೂ ಮರೆತಿರಲಿಲ್ಲ.

"ಮೇಯರ್," ಸೆಲ್ವಿನ್ ಈಗ ಹೊರಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಚಹಾ ಎತ್ತಿಕೊಂಡ. "ನನ್ನ ಕಾಂಟ್ರ್ಯಾಕ್ಟ್ ಈ ವಾರಕ್ಕೆ ಮುಗೀತು. ಪರ್ತ್‌ನಲ್ಲಿ ಒಂದು ಸ್ಟುಡಿಯೋದವರು ಕರೆದಿದ್ದಾರೆ. ಶುಕ್ರವಾರದ ಬಸ್ಸಿಗೆ ಹೋಗ್ತೀನಿ."

ಡೆಲ್ಫೀನಳ ಕೈ ಕೆಟಲ್ಲಿನ ಮೇಲೆ ನಿಂತಿತು.

"ಕಾಂಟ್ರ್ಯಾಕ್ಟ್ ಮುಂದುವರಿಸ್ತಾರೆ ಅಂತ ಹೇಳಿದ್ರಲ್ಲ, ಮೇಯರ್?"

"ಹೇಳಿದ್ರು. ನಾನೇ ಬೇಡ ಅಂದೆ."

ಯಾಕೆ ಎಂದು ಅವಳು ನಾಯಿಯನ್ನು ಕೇಳಲಿಲ್ಲ. ಕೆಲವು ಪ್ರಶ್ನೆಗಳನ್ನು ನಾಯಿಯ ಮೂಲಕ ಕೇಳಲಾಗುವುದಿಲ್ಲ.

ಅವನು ಚಹಾ ಮುಗಿಸಿ ಲೋಟ ತೊಳೆದಿಟ್ಟ. ಹೋಗುವಾಗ ಬೀರುವಿನತ್ತ ನೋಡಿ ಮೆಲ್ಲಗೆ ಹೇಳಿದ: "ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತಲ್ಲ, ಮೂವತ್ತೊಂದನ್ನೂ ಕ್ಲೀನ್ ಮಾಡಿ ಇಟ್ಟಿದ್ದೀನಿ. ಯಾವುದನ್ನೂ ಕೇಳಿಲ್ಲ. ಅದನ್ನೂ ಹೇಳು, ಮೇಯರ್."

ಅದರಲ್ಲಿ ಹದಿನೇಳನೆಯ ಕ್ಯಾಸೆಟ್ಟಿನ ಮೇಲೆ 'ಲಾರಿ' ಎಂದು ಬರೆದಿತ್ತು. ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ, ಶಾಲೆಗೆ ಹೋಗುವ ಡೆಲ್ಫೀನಳ ಕೈಯಿಂದ ಬರೆಸಿದ್ದಳು. ಒಳಗೇನಿದೆ ಎಂದು ಹೇಳಿರಲಿಲ್ಲ. ಬರೆದ ಅಕ್ಷರ ಸೆಲ್ವಿನ್‌ಗೂ ಕಂಡಿರಲೇಬೇಕು. ತನ್ನ ಅಜ್ಜಿ ಯಾರೆಂಬುದು ಬೆರಳಿನಷ್ಟು ಹತ್ತಿರ ಇದ್ದಾಗ, ಯಂತ್ರವೂ ಕೋಣೆಯ ಬೀಗದ ಕೈಯೂ ತನ್ನ ಬಳಿಯೇ ಇದ್ದಾಗ, ಅವನು ಬೂಷ್ಟು ಒರೆಸಿ ಮತ್ತೆ ಗಂಟು ಹಾಕಿದ್ದ.

ಡೆಲ್ಫೀನ್ ಅವತ್ತು ಮಧ್ಯಾಹ್ನ ಒಂದು ಪದವನ್ನೂ ಬರೆಯಲಿಲ್ಲ.

* * *

ಸಂಜೆ ನದಿಯ ದಂಡೆಯಲ್ಲಿ ಬೆರಿಲ್ ಗಾಳ ಹಾಕಿ ಕೂತಿದ್ದಳು. ದಿನವೂ ಅವಳ ಪಕ್ಕ ಕೂರುವವನು ಸೆಲ್ವಿನ್. ಇಬ್ಬರೂ ಮೀನಿಗಿಂತ ಹೆಚ್ಚು ಸುಳ್ಳು ಹಿಡಿಯುತ್ತಿದ್ದರು. ಅವತ್ತು ಅವನು ಬಂದಿರಲಿಲ್ಲ.

"ನನ್ನ ಮಗ ಹೋಗ್ತಾನಂತೆ," ಎಂದಳು ಬೆರಿಲ್.

"ಹೂಂ."

"ನೀನ್ಯಾಕೆ ಹಳಸಿದ ಮುಖ ಮಾಡ್ಕೊಂಡಿದ್ದೀಯಾ?"

"ಬಿಸಿಲು, ಅಮ್ಮಾ."

"ಬಿಸಿಲು ಮುಳುಗಿ ಆಯ್ತು." ಬೆರಿಲ್ ದಾರ ಎಳೆದು ನೋಡಿ ಮತ್ತೆ ಬಿಟ್ಟಳು. "ನಂಗೂ ಅಣ್ಣಂದಿರಿದ್ರು, ಮೂರು ಜನ. ಅವರ ಜೊತೆ ಮಾತಾಡೋಕೆ ನಂಗೆ ಯಾವತ್ತೂ ನಾಯಿ ಬೇಕಾಗ್ಲಿಲ್ಲ. ಯಾಕೆ ಗೊತ್ತಾ? ಮಾತಾಡಬೇಕು ಅಂತಲೇ ಅನ್ನಿಸ್ತಿರಲಿಲ್ಲ. ನಿಮ್ಮಿಬ್ಬರ ಕಾಟಕ್ಕೆ ಆ ನಾಯಿ ಸೊರಗಿಹೋಗಿದೆ."

ಡೆಲ್ಫೀನ್ ಕಾಲಿನ ಬಳಿಯ ಮರಳನ್ನು ನೋಡುತ್ತ ಕೂತಳು. ನಾಚಿಕೆ ಕುತ್ತಿಗೆಯಿಂದ ಕಿವಿಗೆ ಏರಿತು. ಅಲ್ಲ ಎಂದು ಹೇಳಬಹುದಿತ್ತು.

"ಲಾರಿ ಅಂತ ಒಂದು ಕ್ಯಾಸೆಟ್ ಇದೆಯಲ್ಲ," ಎಂದಳು ಬೆರಿಲ್.

"ನಂಗೋಸ್ಕರ ಬೇಡ ಅಮ್ಮ. ನನ್ನ ಆಸೆಗೆ ಅಜ್ಜಿಯನ್ನ ಎಬ್ಬಿಸೋದು ಬೇಡ."

"ನಿಂಗೋಸ್ಕರ ಅಂತ ಯಾರು ಹೇಳಿದ್ರು? ಅವನು ಹೋಗೋಕೆ ಮುಂಚೆ ತನ್ನ ಅಜ್ಜಿ ವಿಷಯ ತಿಳ್ಕೊಂಡು ಹೋಗಲಿ. ನಂಗೂ..." ಬೆರಿಲ್ ಗಾಳದ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ನಂಗೂ ಅವ್ವನ ಕೆಮ್ಮು ಕೇಳಬೇಕು ಅನ್ನಿಸ್ತಿದೆ."

"ಕೇಳಿದ ಮೇಲೆ ಅಣ್ಣನೇ ಅಂತ ಗಟ್ಟಿಯಾದ್ರೆ?"

"ಆಗ ಅಣ್ಣನೇ. ನಾಯಿಗೂ ರಜೆ ಕೊಡಬೇಕು, ಈ ಆಸೆಗೂ ರಜೆ ಕೊಡಬೇಕು. ತಡ್ಕೋತೀಯಾ?"

ಡೆಲ್ಫೀನ್ ತಲೆಯಾಡಿಸಿದಳು. ತಡೆದುಕೊಳ್ಳುತ್ತೇನೆ ಎಂದೋ, ಇಲ್ಲ ಎಂದೋ ಅವಳಿಗೇ ಸ್ಪಷ್ಟವಿರಲಿಲ್ಲ.

* * *

ಬುಧವಾರ ಬೆಳಿಗ್ಗೆ, ಹೋದವರ ದನಿ ತೆರೆಯುವ ಮುನ್ನ ಮಾಡುವ ಹಾಗೆ, ಬೆರಿಲ್ ಹಸಿ ಸೊಪ್ಪು ಸುಟ್ಟು ಎರಡೂ ಕೋಣೆಗೆ ಹೊಗೆ ಹಿಡಿದಳು. ಬೀರುವಿನ ಗಂಟನ್ನು ಅವಳೇ ಬಿಚ್ಚಿದಳು. ನಾಯಿಯನ್ನು ಹೊರಗೆ ಕಟ್ಟಿದ್ದರು. ಸೆಲ್ವಿನ್ ಯಂತ್ರದ ಮುಂದೆ, ಡೆಲ್ಫೀನ್ ಅವನ ಬೆನ್ನ ಹಿಂದೆ ಗೋಡೆಗೊರಗಿ. ಅವನಿಗೆ ಊರಿನ ಭಾಷೆ ಅರ್ಧಂಬರ್ಧ ಬರುತ್ತಿತ್ತು. ಅವಳು ಅರ್ಥ ಹೇಳಬೇಕು.

ಮೊದಲು ಬಂದದ್ದು ಕೆಮ್ಮೇ. ಬೆರಿಲ್ ತಲೆಯ ಮೇಲೆ ಕೈಯಿಟ್ಟು ಅತ್ತಳು, ಗಟ್ಟಿಯಾಗಿ, ಅವ್ವ ಸತ್ತ ದಿನ ಅತ್ತ ಹಾಗೆ. ಸೆಲ್ವಿನ್ ಯಂತ್ರ ನಿಲ್ಲಿಸಿ ಕಾದ. ಅವಳು ಮೂಗು ಒರೆಸಿಕೊಂಡು ಸನ್ನೆ ಮಾಡಿದ ಮೇಲೆ ಮತ್ತೆ ಹಚ್ಚಿದ.

"ನಂಗೆ ಆಗ ಎಂಟು ವರ್ಷ," ಡೆಲ್ಫೀನ್ ಗೋಡೆಗೆ ಹೇಳುವಂತೆ ಹೇಳತೊಡಗಿದಳು. "ಲಾರಿ ಸದ್ದು ಕೇಳಿ ದೊಡ್ಡವರು ಓಡಿ ಬಂದ್ರು. ಮಕ್ಕಳನ್ನೆಲ್ಲ ಜೊಂಡಿನಲ್ಲಿ ಬಚ್ಚಿಟ್ರು. ನನ್ನ ಕೈಯಲ್ಲಿ ಒಂದು ಚಿಕ್ಕದನ್ನ ಕೊಟ್ಟು, ಕೈ ಬಿಡಬೇಡ ಅಂದ್ರು. ಐದು ವರ್ಷದ್ದು. ಅವಳು..."

ಅಲ್ಲಿ ಡೆಲ್ಫೀನ್ ನಿಂತಳು.

ದನಿ ಮುಂದೆ ಹೋಗುತ್ತಿತ್ತು. ಜೊಂಡು, ಸೊಳ್ಳೆ, ಕೆಸರು. ಮೊಣಕಾಲಿನ ಸೊಳ್ಳೆ ಹೊಡೆಯಲು ಒಂದು ಗಳಿಗೆ ಕೈ ಬಿಟ್ಟದ್ದು. ಆ ಚಿಕ್ಕದು ಲಾರಿಯನ್ನು ಹಿಂದೆಂದೂ ನೋಡಿರದೆ, ನೋಡಬೇಕೆಂದು ನಗುತ್ತ ಓಡಿದ್ದು. ಎಂಟು ವರ್ಷದ ಹುಡುಗಿ ಜೊಂಡಿನಿಂದ ಏಳದೆ ಕೂತಿದ್ದು. ಡೆಲ್ಫೀನಳಿಂದ ಅದು ಯಾವುದನ್ನೂ ಹೇಳಲಾಗಲಿಲ್ಲ. ಅವಳ ನಾಲಿಗೆ ಹಿಂದಿನ ಮಾತಿನಲ್ಲೇ ಸಿಕ್ಕಿಕೊಂಡಿತ್ತು. ಹದಿನಾಲ್ಕು ತಿಂಗಳು ಬಯಸಿದ ಮಾತನ್ನು ಅಜ್ಜಿಯ ಇಷ್ಟು ದೊಡ್ಡ ಸಂಕಟದ ನಡುವೆ ಹೆಕ್ಕಿ ಎತ್ತುವುದು ಹೇಗೆ?

"ಹೇಳು," ಎಂದಳು ಬೆರಿಲ್. "ಅವ್ವ ಹೇಳಿದ್ದನ್ನ ಹೇಳು."

"ಅವಳು ನಮ್ಮಪ್ಪನ ತಂಗಿಯ ಮಗಳು," ಎಂದಳು ಡೆಲ್ಫೀನ್.

ಸೆಲ್ವಿನ್‌ನ ಬೆನ್ನು ನೆಟ್ಟಗಾಯಿತು. ಭಾಷೆ ಕಲಿಯುವಾಗ ಯಾರಿಗಾದರೂ ಮೊದಲು ಕಲಿಸುವುದು ಸಂಬಂಧಗಳನ್ನೇ. ಆ ಪದ ಅವನಿಗೆ ಅವಳು ಹೇಳುವ ಮೊದಲೇ ತಿಳಿದಿತ್ತು. ಅಜ್ಜಿಯ ಸೋದರತ್ತೆಯ ಮಗಳ ಮೊಮ್ಮಗ ಡೆಲ್ಫೀನಳಿಗೆ ಅಣ್ಣನಾಗುವುದಿಲ್ಲ; ಮದುವೆಯಾಗಬಹುದಾದ ವರಸೆ.

ಕ್ಯಾಸೆಟ್ ಮುಗಿದು ತಾನೇ ನಿಂತಿತು. ಯಾರೂ ಏಳಲಿಲ್ಲ.

"ಅದಕ್ಕೇ ಅವತ್ತು ಕೈ ಬಿಡಲಿಲ್ಲ ಅವ್ವ," ಎಂದಳು ಬೆರಿಲ್ ಕಡೆಗೆ. "ನಾನು ಬೇರೇನೋ ಅಂದ್ಕೊಂಡೆ."

ಸೆಲ್ವಿನ್ ಮುಖ ಮುಚ್ಚಿಕೊಂಡಿದ್ದ. ಅವನು ಅಳುತ್ತಿದ್ದದ್ದು ಲಾರಿ ನೋಡಲು ಓಡಿದ ಐದು ವರ್ಷದ ಹುಡುಗಿಗಾಗಿ ಎಂದು ಡೆಲ್ಫೀನಳಿಗೆ ಗೊತ್ತಿತ್ತು. ಅವಳು ಅವನನ್ನು ಮುಟ್ಟಲಿಲ್ಲ. ಈಗ ಮುಟ್ಟಬಹುದಿತ್ತು, ಅದಕ್ಕೇ ಮುಟ್ಟಲಿಲ್ಲ.

* * *

ನೇರವಾಗಿ ಮಾತಾಡಲು ಈಗ ಅಡ್ಡಿಯಿರಲಿಲ್ಲ. ಆದರೆ ಮಾತೇ ಬರಲಿಲ್ಲ. ಬುಧವಾರ ಪೂರ್ತಿ, ಗುರುವಾರ ಮಧ್ಯಾಹ್ನದವರೆಗೆ, ಇಬ್ಬರೂ ಬಾಗಿಲಲ್ಲಿ ಎದುರಾದರೆ ಒಬ್ಬರಿಗೊಬ್ಬರು ದಾರಿ ಬಿಟ್ಟು ನಿಂತರು. ಸಂಜೆ ಅವನು ಎರವಲು ತಂದಿದ್ದ ಐಸ್ ಡಬ್ಬಿ ವಾಪಸು ಕೊಡಲು ಅವಳ ಮನೆಗೆ ಬಂದ. ಬೆರಿಲ್ ದೂರದಲ್ಲಿ ಮರದ ಕೆಳಗೆ ಕುರ್ಚಿ ಹಾಕಿ ಮೀನು ಹೆರೆಯುತ್ತಿದ್ದಳು. ಡೆಲ್ಫೀನ್ ಮೆಟ್ಟಿಲ ಮೇಲಿದ್ದಳು.

"ಬಸ್ಸು ನಾಳೆ ಹನ್ನೊಂದಕ್ಕೆ," ಎಂದ ಅವನು. ಮೊದಲ ಸಲ ಅವಳಿಗೇ ಹೇಳಿದ.

"ಗೊತ್ತು."

"ಹೋಗಬೇಡ ಅಂತ ಯಾರೂ ಹೇಳ್ಲಿಲ್ಲ."

"ಹೋಗಬೇಡ."

ಅವನು ಡಬ್ಬಿಯನ್ನು ಕೆಳಗಿಟ್ಟ. "ಯಾಕೆ?"

"ಮೂವತ್ತು ಕ್ಯಾಸೆಟ್ ಬಾಕಿ ಇದೆ."

"ಅಷ್ಟೇನಾ?"

"ನಿನ್ನ ಮುಖ ನಾನಿನ್ನೂ ಸರಿಯಾಗಿ ನೋಡಿಲ್ಲ. ಇಷ್ಟು ದಿನ ನೋಡಿದ್ದು ಕೆಟಲ್ಲಿನಲ್ಲಿ. ಅದರಲ್ಲಿ ನಿನ್ನ ಮೂಗು ತಟ್ಟೆಯಷ್ಟಗಲ."

"ಈಗ?"

ಅವಳು ತಲೆಯೆತ್ತಿ ನೋಡಿದಳು. ಅವಸರ ಮಾಡಲಿಲ್ಲ. ಹಣೆ, ಹುಬ್ಬಿನ ಮೇಲಿನ ಹಳೆಯ ಗಾಯ, ಎರಡು ದಿನದಿಂದ ನಿದ್ದೆಯಿಲ್ಲದ ಕಣ್ಣು. ಮೊದಲು ಕಣ್ಣು ತಗ್ಗಿಸಿದವನು ಅವನೇ.

"ಪರವಾಗಿಲ್ಲ," ಎಂದಳು. "ಇರಬಹುದು ನೀನು. ಆದರೆ ಒಂದು ವಿಷಯ ಇದೆ. ನೀನು ನನ್ನ ಕೈ ಹಿಡಿದ್ರೆ, ಅಮ್ಮ ನಿಂಗೆ ಅತ್ತೆ. ಅತ್ತೆ ಅಳಿಯ ಮಾತಾಡೋ ಹಾಗಿಲ್ಲ, ಒಬ್ಬರನ್ನೊಬ್ಬರು ನೋಡೋ ಹಾಗಿಲ್ಲ. ಮೀನು ಇಲ್ಲ, ಸುಳ್ಳು ಇಲ್ಲ. ಸಾಯೋ ತನಕ."

ಅವನ ಮುಖದ ನಗು ನಿಂತಿತು. ತಾಯಿ ತೀರಿಕೊಂಡ ಮೇಲೆ ಅವನನ್ನು ಮಗ ಎಂದು ಕರೆದವಳು ಬೆರಿಲ್ ಒಬ್ಬಳೇ.

"ಅವರಿಗೆ ಗೊತ್ತಿತ್ತಾ? ಬೀರು ತೆಗೆಯೋ ಮುಂಚೆ?"

"ನಿಂಗಿಂತ ಚೆನ್ನಾಗಿ ಗೊತ್ತಿತ್ತು."

"ಯಾವತ್ತಿಂದ ಶುರು ಇದು?"

"ನೀನು ಹೂಂ ಅಂದ ಗಳಿಗೆಯಿಂದ."

ಅವನು ಮರದ ಕಡೆ ನೋಡಿದ. ಆಮೇಲೆ ಅವಳ ಕಡೆ. "ಒಂದು ಹತ್ತು ನಿಮಿಷ ಇರ್ತೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಂಗಳ ದಾಟಿದ.

ಮೆಟ್ಟಿಲಿನಿಂದ ಮಾತು ಕೇಳಿಸುತ್ತಿರಲಿಲ್ಲ. ಅವನು ಬೆರಿಲ್‌ನ ಎದುರು ಕುಕ್ಕರುಗಾಲಿನಲ್ಲಿ ಕೂತದ್ದು ಕಾಣಿಸಿತು. ಏನೋ ಹೇಳಿದ. ಬೆರಿಲ್ ಚಾಕು ಆಡಿಸಿ ಬೈದ ಹಾಗಿತ್ತು, ಆಮೇಲೆ ನಕ್ಕಳು. ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಕಡೆಗೆ ಬೆರಿಲ್ ಮೀನಿನ ಪೊರೆ ಮೆತ್ತಿದ ಅಂಗೈಯನ್ನು ಲಂಗಕ್ಕೆ ಒರೆಸಿ, ಅವನ ತಲೆಯ ಮೇಲೆ ಇಟ್ಟಳು. ಇಟ್ಟು ತೆಗೆದಳು. ಎದ್ದು, ಕುರ್ಚಿಯನ್ನು ಎತ್ತಿ, ನದಿಯ ಕಡೆ ಮುಖವಾಗುವಂತೆ ತಿರುಗಿಸಿ ಹಾಕಿಕೊಂಡು ಕೂತಳು.

ಅವನು ಆ ಬೆನ್ನನ್ನು ಒಂದು ಕ್ಷಣ ನೋಡಿ ಹಿಂದಿರುಗಿ ಬಂದ. ಕಣ್ಣು ಕೆಂಪಾಗಿತ್ತು.

"ಏನ್ ಹೇಳಿದ್ರು ಅಷ್ಟು ಹೊತ್ತು?"

"ಅದು ನಮ್ಮಿಬ್ಬರದ್ದು," ಎಂದ.

ಡೆಲ್ಫೀನ್ ಮತ್ತೇನೂ ಕೇಳದೆ ಮೆಟ್ಟಿಲ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದಳು. ಅವನು ಕೂತ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ.

"ಹೂಂ," ಎಂದ.